ಮರಳಿನ ಕೋಣೆ ಉಳಿಯಿತು

ಬರುವ ಜೂನ್‌ನಿಂದ ನಮ್ಮ ಶಾಲೆಯ ವೇಳಾಪಟ್ಟಿಯಲ್ಲಿ ಮರಳಾಟಕ್ಕೂ ಅವಧಿ ಸಿಕ್ಕಿದೆ. ಮರಳಿನ ತಟ್ಟೆಯಲ್ಲಿ ಪುಟ್ಟ ಆಟಿಕೆಗಳನ್ನಿಟ್ಟು ಮಗು ತನ್ನ ಮನಸ್ಸಿನಲ್ಲಿರುವುದನ್ನು ಕಟ್ಟಿ ತೋರಿಸುವ ಕೌನ್ಸೆಲಿಂಗ್ ಪದ್ಧತಿ ಇದು, ಶಾಲೆಯ ಕೌನ್ಸೆಲರ್ ಆಗಿ ನಾನು ನಡೆಸುವುದು. ಕಳೆದ ಮಳೆಗಾಲದಲ್ಲಿ ಇದನ್ನೇ ಮಾಟವೆಂದು ಶಂಕಿಸಿ ಎದ್ದ ಗಲಾಟೆ ಬಲ್ಲವರಿಗೆ ಇದು ಎಂಥ ಸುದ್ದಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನೆಲ್ಲ ಕೆದಕುವ ಮನಸ್ಸೂ ನನಗಿಲ್ಲ. ಕೆಲವರ ಋಣ ಹಾಗೇ ಉಳಿದಿದೆ, ಅದನ್ನಷ್ಟು ಹೇಳಿಬಿಡುತ್ತೇನೆ.

ಹಲಸಿನ ಹಲಗೆಯಲ್ಲಿ ತಟ್ಟೆಗಳನ್ನು ಮಾಡಿಕೊಟ್ಟ ತೀರ್ಥಹಳ್ಳಿಯ ಬಡಗಿ, ಮರಳಿಗೂ ಪರ್ಮಿಟ್ ಕೇಳುವ ಈ ಕಾಲದಲ್ಲಿ ಮನೆ ಕಟ್ಟಿ ಉಳಿದಿದ್ದ ಹೊಳೆಮರಳನ್ನು ಜರಡಿ ಹಿಡಿದು ತಂದ ಮೇಸ್ತ್ರಿ, ಮಕ್ಕಳು ಬೆಳೆದ ಮೇಲೆ ಅಟ್ಟ ಸೇರಿದ್ದ ಆಟಿಕೆಗಳನ್ನು ಚೀಲಗಟ್ಟಲೆ ಕಳಿಸಿದ ಶಿವಮೊಗ್ಗದ ಗೆಳತಿಯರು, ಎಲ್ಲರಿಗೂ ನಮಸ್ಕಾರ. ಅಳತೆ ಕೇಳಿ ಬಡಗಿ ತಲೆ ಕೆರೆದುಕೊಂಡಿದ್ದರು. 72 ಸೆಂಟಿಮೀಟರ್ ಉದ್ದ, 57 ಅಗಲ, 7 ಆಳ. ಸ್ವಿಟ್ಜರ್ಲೆಂಡಿನ ಡೋರಾ ಕಾಲ್ಫ್ 1950ರ ದಶಕದಲ್ಲಿ ಈ ಪದ್ಧತಿಯನ್ನು ರೂಪಿಸಿದವರು. ಹೆಚ್ಚುಕಡಿಮೆ ಅವರ ಅಳತೆಯೇ ಇಂದಿಗೂ ನಡೆಯುತ್ತಿದೆ. ಎದುರು ನಿಂತ ಮಗುವಿಗೆ ಇಡೀ ತಟ್ಟೆ ಒಂದೇ ನೋಟಕ್ಕೆ ಸಿಗಬೇಕು. ಒಳಗೆಲ್ಲ ನೀಲಿ ಬಣ್ಣ. ಮರಳು ಸರಿಸಿದರೆ ನೀರು ಕಾಣುತ್ತದೆ. ನಮ್ಮ ಮಕ್ಕಳ ಕೈಯಲ್ಲಿ ಅದು ಬಹಳ ಸಲ ತುಂಗೆ.

ಅದಕ್ಕೂ ಮೊದಲು, 1920ರ ದಶಕದ ಕೊನೆಯಲ್ಲಿ, ಲಂಡನ್ನಿನ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ ಮಕ್ಕಳ ಮುಂದೆ ಮರಳು ಮತ್ತು ಪುಟ್ಟ ಆಟಿಕೆಗಳನ್ನು ಇಟ್ಟು ಸುಮ್ಮನೆ ನೋಡಿದ್ದರು. ಸುಮ್ಮನೆ ನೋಡುವುದು ಈ ಕೆಲಸದ ಕಷ್ಟದ ಭಾಗ. ಮಗು ತನಗೆ ಬೇಕಾದದ್ದನ್ನು ಆರಿಸಿಕೊಂಡು ಇಡುತ್ತದೆ, ಬೀಳಿಸುತ್ತದೆ, ಹೂಳುತ್ತದೆ. ನಾವು ಪಕ್ಕದಲ್ಲಿ ಕುಳಿತಿರಬೇಕು. ಇದೇಕೆ, ಅದೇಕೆ ಎಂದು ಕೇಳುವಂತಿಲ್ಲ, ಅರ್ಥ ಹೇಳುವಂತಿಲ್ಲ. ಮಗು ಹೋದ ಮೇಲೆ ಒಂದು ಫೋಟೊ ತೆಗೆದು, ಎಲ್ಲವನ್ನೂ ತಿರುಗಿ ಕಪಾಟಿಗೆ ಇಡುತ್ತೇವೆ. ಯಾವ ಮಗು ಏನು ಕಟ್ಟಿತು ಎಂಬುದು ಆ ಕೋಣೆಯಿಂದ ಆಚೆ ಬರುವುದಿಲ್ಲ, ಇಲ್ಲಿಯೂ ಬರುವುದಿಲ್ಲ.

ಆದರೆ "ಹೂಳುತ್ತದೆ" ಎಂಬಷ್ಟು ಮಾತ್ರ ಊರಿಗೆ ತಲುಪಿತು. ಕೌನ್ಸೆಲಿಂಗ್ ಮೇಡಂ ಮಕ್ಕಳ ಕೈಯಲ್ಲಿ ಬೊಂಬೆ ಹೂಳಿಸುತ್ತಾರಂತೆ ಎಂದು ಶುರುವಾದದ್ದು ಮಾಟದವರೆಗೂ ಹೋಯಿತು. ಪೋಷಕರ ಸಭೆ ಕರೆದರು. ಅದರ ಹಿಂದಿನ ಸಂಜೆಯೇ ಗಾಳಿಮಳೆಗೆ ಮರದ ಕೊಂಬೆ ಮುರಿದುಬಿದ್ದು, ಕೋಣೆಯ ಹೆಂಚು ಒಡೆದು, ಕಪಾಟೆಲ್ಲ ನೀರಾಯಿತು. ಕೊನೆಯ ಬಸ್ಸೂ ಹೋಗಿಯಾಗಿತ್ತು.

ಬಿಸಿಯೂಟದ ಅಕ್ಕನ ಮನೆ ಶಾಲೆಯ ಹಿಂದೆಯೇ. ಕೋಣೆಯಲ್ಲಿ ಬೆಳಕು ಕಂಡು, ಮಳೆಗೆ ಹೊದೆಯುವ ಗೊಬ್ಬೆ ಸೂಡಿಕೊಂಡು ಬಂದರು. ನನ್ನನ್ನು ಒಮ್ಮೆ ನೋಡಿ, ಕಪಾಟನ್ನು ಒಮ್ಮೆ ನೋಡಿ, ಮೊರ ತಂದು ಆಟಿಕೆಗಳನ್ನು ತುಂಬತೊಡಗಿದರು. ಅಡುಗೆಕೋಣೆಯಲ್ಲಿ ಒಲೆ ಹೊತ್ತಿತು. ಒದ್ದೆ ಮರಳನ್ನು ದೊಡ್ಡ ಬಾಣಲೆಗೆ ಸುರಿದು, ಅರಳು ಹುರಿಯುವವರ ಹಾಗೆ ಕೈಬಿಡದೆ ತಿರುವಿದರು. ಚನ್ನಪಟ್ಟಣದ ಬೊಂಬೆಗಳನ್ನು ನಾನು ಒಲೆಯ ಹತ್ತಿರ ಜೋಡಿಸಲು ಹೋದರೆ, "ಅರಗಿನ ಬಣ್ಣ ಮೇಡಂ, ಶಾಖಕ್ಕೆ ಬಿಟ್ಟುಕೊಳ್ಳುತ್ತದೆ" ಎಂದು ಅವನ್ನು ಕಿಟಕಿಯ ಕಡೆಗೆ ಸರಿಸಿದರು. ಪ್ಲಾಸ್ಟಿಕ್ ಹಸುವಿನ ಕೊಂಬಿನ ಸಂದಿಯಲ್ಲಿ ನಿಂತ ನೀರನ್ನೂ ಸೆರಗಿನ ತುದಿಯಿಂದ ಒರೆಸಿದರು.

ಆ ಹೊತ್ತಿನಲ್ಲಿ ನಾನು ಅತ್ತೆ. ಮಾಟಗಾತಿ ಎನಿಸಿಕೊಳ್ಳಲೆಂದೇ ಇಷ್ಟು ಓದಿದೆನೇ ಎಂದು ಗಟ್ಟಿಯಾಗಿಯೇ ಅತ್ತೆ. ನಾಳೆ ರಾಜೀನಾಮೆ ಕೊಡುತ್ತೇನೆ ಎಂದೂ ಹೇಳಿದೆ. ಅಕ್ಕ ಬೇಡ ಎನ್ನಲಿಲ್ಲ, ಸಮಾಧಾನ ಹೇಳಲಿಲ್ಲ, ಕಾರಣವನ್ನೂ ಕೇಳಲಿಲ್ಲ. ಬೆಳಗಿನವರೆಗೆ ಪಕ್ಕದಲ್ಲೇ ಇದ್ದರು, ಮರಳು ತಿರುವುತ್ತ. ಮಗುವಿಗೆ ಸ್ವಾತಂತ್ರ್ಯವೂ ರಕ್ಷಣೆಯೂ ಒಟ್ಟಿಗೆ ಸಿಗುವ ಜಾಗ ಬೇಕು ಎಂದು ಕಾಲ್ಫ್ ಹೇಳಿದ್ದನ್ನು ತರಬೇತಿಯಲ್ಲಿ ಬರೆದುಕೊಂಡಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಅಂಥ ಜಾಗದಲ್ಲಿ ಕುಳಿತರೆ ಹೇಗಿರುತ್ತದೆ ಎಂದು ತಿಳಿದದ್ದು ಆ ಒಲೆಯ ಮುಂದೆ.

ಸಭೆಯಲ್ಲಿ ನನ್ನ ವಿವರಣೆಗೆ ಯಾರೂ ತಲೆಯಾಡಿಸಲಿಲ್ಲ. ಬಾಗಿಲ ಬಳಿ ನಿಂತಿದ್ದ ಅಕ್ಕ ಬಾಯಿ ತೆರೆದರು: "ಆ ಕೋಣೆ ಗುಡಿಸುವವಳು ನಾನು. ಹೂತದ್ದನ್ನು ಮಕ್ಕಳು ತಾವೇ ತೆಗೆಯುತ್ತಾರೆ, ಕೆಲವೊಮ್ಮೆ ತಡವಾಗಿ. ಸಂಶಯ ಇದ್ದವರು ಬಂದು ಆ ಮರಳಿಗೆ ಕೈಹಾಕಿ ನೋಡಿ." ಇಬ್ಬರು ತಾಯಂದಿರು ಎದ್ದು ಬಂದರು. ಕೋಣೆ ಉಳಿಯಿತು.

ಹೀಗೆ ಬರೆಯುತ್ತಿದ್ದೇನೆ ಎಂದಾಗ ಅಕ್ಕನಿಗೆ ಸಿಟ್ಟೇ ಬಂತು. ಬರೆಯುವುದಾದರೆ ಅಡುಗೆಕೋಣೆಯ ಹೊಗೆಕೊಳವೆ ಕಟ್ಟಿಕೊಂಡಿರುವುದನ್ನೂ ಬರೆಯಿರಿ ಎಂದರು. ಬರೆದಿದ್ದೇನೆ, ಓದುತ್ತಿರುವ ಹಳೆ ವಿದ್ಯಾರ್ಥಿಗಳು ಗಮನಿಸಬೇಕು. ಕಪಾಟಿಗೆ ಇನ್ನೂ ಬಸ್ಸು, ಸೇತುವೆ, ಬೇಲಿ, ಅಜ್ಜ ಅಜ್ಜಿಯರ ಬೊಂಬೆಗಳು ಬೇಕು. ಮುರಿದಿದ್ದರೂ ನಡೆಯುತ್ತದೆ. ರಬ್ಬರ್ ಹಾವುಗಳನ್ನು ಮಾತ್ರ ದಯವಿಟ್ಟು ಕಳಿಸಬೇಡಿ, ಬೇಕಾದಷ್ಟಿವೆ.