ಡೆಂಗಿ ಜ್ವರ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ನಮ್ಮ ಬೀದಿಯ ಎರಡು ಮನೆಗಳಲ್ಲಿ ಡೆಂಗಿ ಖಚಿತವಾಗಿದೆ. ನಿನ್ನೆ ಪರಿಶೀಲಿಸಿದಾಗ ಸೊಳ್ಳೆಯ ಮರಿಹುಳುಗಳು ಸಿಕ್ಕಿದ್ದು ನಾವೆಲ್ಲ ದೂರುವ ಚರಂಡಿಯಲ್ಲಲ್ಲ, ತಾರಸಿಯ ತುಳಸಿ ಕುಂಡದ ಕೆಳಗಿನ ತಟ್ಟೆಯಲ್ಲಿ. ಎರಡು ಬೆರಳು ನೀರಿನಲ್ಲಿ ತಲೆಕೆಳಗಾಗಿ ತೇಲುತ್ತಿದ್ದವು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆಗಳು ಪಾತ್ರೆಯ ಒಳಮೈಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯಬಲ್ಲವಾದ್ದರಿಂದ, ಕಾವೇರಿ ನೀರು ತುಂಬಿಡುವ ಡ್ರಮ್ಮುಗಳನ್ನು ಬರಿದೆ ಖಾಲಿ ಮಾಡಿದರೆ ಸಾಲದು, ವಾರಕ್ಕೊಮ್ಮೆ ಉಜ್ಜಿ ತೊಳೆದು ಒಣಗಿಸಬೇಕು. ಸಂಪಿನ ಮುಚ್ಚಳ ಮತ್ತು ಫ್ರಿಜ್ಜಿನ ಹಿಂದಿನ ತಟ್ಟೆಯನ್ನೂ ನೋಡಿಕೊಳ್ಳಿ.

ಈ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ರಾತ್ರಿಯ ಪರದೆಯೊಂದನ್ನೇ ನಂಬುವಂತಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ತುಂಬುತೋಳಿನ ಅಂಗಿ ತೊಡಿಸುವುದು ಒಳ್ಳೆಯದು.

ಜ್ವರ ಬಂದ ಮೊದಲ ಐದು ದಿನಗಳಲ್ಲಿ ರಕ್ತದಲ್ಲಿ ವೈರಸ್ಸಿನ ಪ್ರೋಟೀನನ್ನು ಪತ್ತೆಮಾಡುವ ಎನ್‌ಎಸ್1 ಪರೀಕ್ಷೆಯೂ, ಅನಂತರ ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಪತ್ತೆಮಾಡುವ ಐಜಿಎಂ ಪರೀಕ್ಷೆಯೂ ಉಪಯುಕ್ತ. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವದ ಅಪಾಯ ಹೆಚ್ಚಿಸುವುದರಿಂದ ಅವನ್ನು ನುಂಗಬೇಡಿ. ಪಪ್ಪಾಯಿ ಎಲೆಯ ರಸವೇ ಡೆಂಗಿಗೆ ಮದ್ದೆನ್ನುವ ಸಂದೇಶಗಳನ್ನು ಇಲ್ಲಿ ಹಂಚುವುದನ್ನೂ ದಯವಿಟ್ಟು ನಿಲ್ಲಿಸಿ.

ಎಲ್ಲಕ್ಕಿಂತ ಮುಖ್ಯವಾಗಿ, ಜ್ವರ ಇಳಿಯಿತೆಂದು ಮೈಮರೆಯಬೇಡಿ, ಏಕೆಂದರೆ ಕಾಯಿಲೆ ಉಲ್ಬಣಿಸುವುದು ಹೆಚ್ಚಾಗಿ ಆಗಲೇ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ, ಪ್ಲೇಟ್‌ಲೆಟ್ ಎಣಿಕೆ ಎಷ್ಟೇ ಇರಲಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ತಾರಸಿಗಳ ಪರಿಶೀಲನೆಯಿದೆ. ಬೀಗದ ಕೈ ಇರುವವರು ಮನೆಯಲ್ಲಿರಿ.