ಸಬ್‌ಟೈಟಲ್ ಮುಗಿಯಿತು, ಅಕ್ಕನಿಗೊಂದು ನಮಸ್ಕಾರ

ಹಾಂಗ್‌ಕಾಂಗ್‌ನ ಕುಂಗ್‌ಫು ಚಿತ್ರ ನಿರ್ದೇಶಕ ಲಾವ್ ಕಾರ್-ಲಿಯುಂಗ್ ಅವರ 6 ಚಿತ್ರಗಳಿಗೆ ಕನ್ನಡ ಸಬ್‌ಟೈಟಲ್ ಹಾಕುವ ಕೆಲಸ ಅಂತೂ ಮುಗಿಯಿತು. ಇಷ್ಟು ತಡವಾದದ್ದೇಕೆ ಅನ್ನೋದು ಬಳಗಕ್ಕೆಲ್ಲ ಗೊತ್ತು, ಮತ್ತೆ ಕೆದಕುವುದು ಬೇಡ. ಅನುವಾದಿಸಿದವರು, ಕರಡು ತಿದ್ದಿದವರು, ಡಿವಿಡಿ ಕೊಟ್ಟವರು, ಪ್ರೊಜೆಕ್ಟರ್ ಹೊತ್ತು ತಂದವರು, ಎಲ್ಲರಿಗೂ ಮನಸಾರೆ ವಂದನೆ.

ಉಳಿದದ್ದು ನಿಮಗೆ, ಅಕ್ಕಾ.

ಪ್ರದರ್ಶನದ ಹಿಂದಿನ ರಾತ್ರಿ 'ದಿ ಎಯ್ಟ್ ಡಯಾಗ್ರಾಮ್ ಪೋಲ್ ಫೈಟರ್' ಚಿತ್ರದ ಸಾಲುಗಳು ಹಳಿ ತಪ್ಪಿದವು. ಮೊದಲ ಮಾತು ಸರಿಯಾಗಿ ಬೀಳುತ್ತಿತ್ತು, ಕೊನೆಗೆ ಬರುವಷ್ಟರಲ್ಲಿ 4 ನಿಮಿಷ ಮೊದಲೇ ಬಂದು ಹೋಗುತ್ತಿತ್ತು. ನಾವು ಸಾಲುಗಳನ್ನು ಹಿಂದೆ ಮುಂದೆ ತಳ್ಳುತ್ತಲೇ ಇದ್ದೆವು. ಸೆಕೆಂಡಿಗೆ 25 ಫ್ರೇಮಿನ ಪ್ರತಿ ನೋಡಿ ಬರೆದದ್ದನ್ನು 24ರ ಪ್ರತಿಗೆ ಹಾಕಿದ್ದೀರಿ, ತಳ್ಳಿದರೆ ಸಾಲದು, ಹಿಗ್ಗಿಸಬೇಕು ಅಂದಿರಿ. ಪ್ರತಿ ಸಾಲಿನ ಸಮಯವನ್ನು 25ರಿಂದ ಗುಣಿಸಿ 24ರಿಂದ ಭಾಗಿಸಿದೆವು, ಕೂತಿತು.

ಅಲ್ಲಿಗೇ ನೀವು ಎದ್ದು ಹೋಗಬಹುದಿತ್ತು. ಹಾಲಿನವನು ಬರುವವರೆಗೂ ಕೂತಿರಿ, ಪಾದಗಳಿಗೋಸ್ಕರ.

ಲಾವ್ ಅವರ ತಂದೆ ಲಾವ್ ಚಾಮ್, ಲಾಮ್ ಸಾಯ್-ವಿಂಗ್ ಅವರ ಶಿಷ್ಯರು. ಲಾಮ್ ಅವರ ಗುರು ವೊಂಗ್ ಫೇ-ಹುಂಗ್. ಹುಂಗ್ ಕುಯೆನ್ ಅನ್ನೋ ಆ ಕುಂಗ್‌ಫು ಮನೆತನದಲ್ಲಿ ಏಟಿನ ಬಲ ಹುಟ್ಟುವುದು ಕಾಲಲ್ಲಿ, ಮೊಣಕಾಲು ಬಗ್ಗಿಸಿ ಕಾಲಗಲಿಸಿ ನಿಲ್ಲುವ ಕುದುರೆ ನಿಲುವಿನಲ್ಲಿ. ಸಣ್ಣಪುಟ್ಟ ಪಾತ್ರ, ಸ್ಟಂಟ್‌ಗಳಿಂದ ಶುರುಮಾಡಿ, ಟಾಂಗ್ ಚಿಯಾ ಜೊತೆ ಸೇರಿ ನಿರ್ದೇಶಕ ಚಾಂಗ್ ಚೆಹ್ ಅವರ ಚಿತ್ರಗಳಿಗೆ ವರ್ಷಗಟ್ಟಲೆ ಫೈಟ್ ಹೆಣೆದವರು ಲಾವ್ ಕಾರ್-ಲಿಯುಂಗ್. 1975ರಲ್ಲಿ ತಾವೇ ನಿರ್ದೇಶನಕ್ಕೆ ಇಳಿದ ಮೇಲೆ, ತಲೆಯಿಂದ ಪಾದದವರೆಗೆ ಮೈ ಪೂರ್ತಿ ಕಾಣುವಂತೆ ಕ್ಯಾಮೆರಾ ಇಟ್ಟು, ಏಟಿನ ಮೇಲೆ ಏಟು ಒಂದೇ ಶಾಟ್‌ನಲ್ಲಿ ಹಿಡಿದರು. ನಮ್ಮ ಸಬ್‌ಟೈಟಲ್ ಹೋಗಿ ಕೂತದ್ದು ಸರಿಯಾಗಿ ಆ ಮೊಣಕಾಲಿನ ಮೇಲೆ.

ಚಿತ್ರದ ಅಗಲ-ಎತ್ತರದ ಅಳತೆ 2.35:1. 1080 ಪಿಕ್ಸೆಲ್ ಎತ್ತರದ ಪರದೆಯಲ್ಲಿ ಕೆಳಗೆ ಸುಮಾರು 130 ಪಿಕ್ಸೆಲ್ ಕಪ್ಪು ಪಟ್ಟಿ ಉಳಿಯುತ್ತದೆ. ಮಾತನ್ನು ಅಲ್ಲಿಗೆ ಇಳಿಸಿ ಅಂದಿರಿ. ಎರಡು ಸಾಲು ಹಾಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ಪಟ್ಟಿಯ ತಳಕ್ಕೆ ಒತ್ತಿ ಕೂರಿಸಿದರೆ ಒತ್ತೇ ಕತ್ತರಿಸಿ ಹೋಗುತ್ತಿತ್ತು. ಹಾಗಾಗಿ ಒಂದೇ ಸಾಲು, ಅಕ್ಷರ ಚಿಕ್ಕದು, ಕೆಳಗೆ ಒತ್ತಿಗೆ ಜಾಗ. ಉದ್ದದ ಮಾತನ್ನೆಲ್ಲ ನೀವು ಒಂದೊಂದಾಗಿ ಮುರಿದಿರಿ.

'ಪೋಲ್ ಫೈಟರ್'ನ ಅಣ್ಣತಮ್ಮಂದಿರಲ್ಲಿ ಆರನೆಯ ತಮ್ಮ ನಡುವೆಯೇ ಕಾಣೆಯಾಗುತ್ತಾನೆ. ರೀಲು ಬಿಟ್ಟುಹೋಗಿದೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಬಿಟ್ಟಿಲ್ಲ. ಆ ಪಾತ್ರದ ನಟ ಫು ಶೆಂಗ್ 1983ರಲ್ಲಿ, ಚಿತ್ರೀಕರಣ ಮುಗಿಯುವ ಮೊದಲೇ ಕಾರು ಅಪಘಾತದಲ್ಲಿ ತೀರಿಕೊಂಡರು. ಲಾವ್ ಕಥೆಯನ್ನೇ ಬದಲಿಸಿ, ಸೇಡಿನ ಭಾರವನ್ನು ಐದನೆಯ ಅಣ್ಣನ ಪಾತ್ರದ ಗೋರ್ಡನ್ ಲಿಯು ಹೆಗಲಿಗೆ ಹಾಕಿದರು.

ಆ ಭಾಗ ಅನುವಾದಿಸಿದ ನಮ್ಮ ಹುಡುಗನೂ ಕೆಲಸ ಮುಗಿದದ್ದನ್ನು ನೋಡಲಿಲ್ಲ. ಆ ರಾತ್ರಿ ಅವನ ಕಡತ ತೆರೆಯಲು ನಮ್ಮಲ್ಲಿ ಯಾರಿಗೂ ಕೈ ಬರಲಿಲ್ಲ. ನೀವೇ ತೆರೆದಿರಿ. ಅವನ ಮಾತು ಒಂದನ್ನೂ ಬದಲಿಸಬಾರದು ಅಂದಿರಿ. ಒಂದು ಕಡೆ 'ತಮ್ಮ' ಅನ್ನೋದು 'ತಮ' ಆಗಿತ್ತು. ಒತ್ತು ಹಾಕಿದಿರಿ, ಮುಂದಿನ ಸಾಲಿಗೆ ಹೋದಿರಿ. ಅದನ್ನು ನಾವು ಮರೆಯುವುದಿಲ್ಲ ಅಕ್ಕಾ.

ಕಡತಗಳೆಲ್ಲ ಈಗ 24ರ ಪ್ರತಿಗೆ ಸರಿಯಾಗಿವೆ. 'ದಿ 36ತ್ ಚೇಂಬರ್ ಆಫ್ ಶಾವೊಲಿನ್' (1978) ಹಾಕುವವರು ಒಂದು ಗಮನಿಸಿ: ತೋಳಿಗೆ ಚೂರಿ ಕಟ್ಟಿಕೊಂಡು ನೀರಿನ ಬಕೆಟ್ ಹೊರುವ ದೃಶ್ಯದಲ್ಲಿ, ಕೈ ಇಳಿದರೆ ಚೂರಿ ಪಕ್ಕೆಗೆ ಚುಚ್ಚುವುದು ಕಾಣಬೇಕು. ಅಲ್ಲಿ ಅಕ್ಷರವನ್ನು ಪಟ್ಟಿಯಿಂದ ಮೇಲೆತ್ತಬೇಡಿ.