ಬಹುಮಾನ ಬಂತಾ ಅಂತ ಕೇಳಿದ್ರಲ್ಲ ಅಪ್ಪ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನಿಲ್ಲಿ ಚೆನ್ನಾಗಿದ್ದೇನೆ. ಅಪ್ಪ, ಮೊನ್ನೆ ಫೋನಿನಲ್ಲಿ ನೀವು ಕೇಳಿದಿರಿ, "ಅಷ್ಟೊಂದು ಓಡ್ತೀಯಲ್ಲ, ಬಹುಮಾನ ಏನಾದರೂ ಬಂತಾ?" ಅಂತ. ಆಗ ಸುಮ್ನೆ ನಕ್ಕುಬಿಟ್ಟೆ. ಫೋನಿನಲ್ಲಿ ಹೇಳಿದರೆ ಮುಗಿಯುವ ವಿಷಯ ಅಲ್ಲ ಅದು.

ಬಹುಮಾನ ಬಂದಿಲ್ಲ, ಬರುವ ಹಾಗೂ ಇಲ್ಲ. ಗೆಲ್ಲುವವರು ಓಟ ಮುಗಿಸಿ ಬಟ್ಟೆ ಬದಲಾಯಿಸುವಾಗ ನಾನಿನ್ನೂ ದಾರಿಯಲ್ಲಿರುತ್ತೇನೆ. ಆದರೂ ನಮ್ಮ ಓಟದ ಕ್ಲಬ್ಬಿಗೆ ನಾನು ಬೇಕು. ಯಾಕೆ ಅಂದರೆ, ಇಂಗ್ಲೆಂಡಿನಲ್ಲಿ ಚಳಿ ಶುರುವಾಯಿತು ಅಂದರೆ ಕ್ರಾಸ್ ಕಂಟ್ರಿ ಓಟಗಳು. ರಸ್ತೆ ಇಲ್ಲ. ಹುಲ್ಲು, ದಿಬ್ಬ, ಮರಗಳ ನಡುವಿನ ಕಾಲುದಾರಿ, ಎಲ್ಲಕ್ಕಿಂತ ಜಾಸ್ತಿ ಕೆಸರು. ಅಡಿಯಲ್ಲಿ ಮೊಳೆ ಇರುವ ಸ್ಪೈಕ್ಸ್ ಹಾಕದಿದ್ದರೆ ನಿಲ್ಲುವುದೇ ಕಷ್ಟ. ಲೇಸಿಗೆ ಎರಡು ಗಂಟು ಬೇಕೇ ಬೇಕು, ಇಲ್ಲದಿದ್ದರೆ ಕಾಲು ಮುಂದೆ ಹೋಗುತ್ತದೆ, ಶೂ ಕೆಸರಲ್ಲೇ ಉಳಿಯುತ್ತದೆ.

ಅಲ್ಲಿನ ಲೆಕ್ಕ ಕೇಳಿ. ಮೊದಲು ಬಂದವರಿಗೆ 1, ನಲವತ್ತನೆಯವರಿಗೆ 40. ನಮ್ಮ ಲೀಗಿನಲ್ಲಿ ಪ್ರತಿ ಕ್ಲಬ್ಬಿನ ಮೊದಲ ಆರು ಜನರ ಸ್ಥಾನ ಕೂಡಿಸುತ್ತಾರೆ. ಮೊತ್ತ ಕಡಿಮೆ ಬಂದ ಕ್ಲಬ್ ಗೆದ್ದಂತೆ. ನಾನು ಆ ಆರರಲ್ಲಿ ಇರುವುದು ಅಪರೂಪ. ಆದರೆ ಬೇರೆ ಕ್ಲಬ್ಬಿನ ಆರು ಜನರಲ್ಲಿ ಒಬ್ಬನನ್ನು ನಾನು ಹಿಂದೆ ಹಾಕಿದರೂ ಅವರ ಮೊತ್ತ ಒಂದು ಏರುತ್ತದೆ. ಅದಕ್ಕೇ ಕೊನೆಯ ತಿರುವಿನಲ್ಲಿ ನಮ್ಮವರು ಗಂಟಲು ಹರಿಯುವಂತೆ ಕೂಗುತ್ತಾರೆ, ಆ ನೀಲಿ ಬನಿಯನ್ನಿನವನನ್ನು ಬಿಡಬೇಡ ಅಂತ. ಎಂಬತ್ತನೇ ಸ್ಥಾನಕ್ಕೆ ಇಬ್ಬರು ನಡುವಯಸ್ಸಿನವರು ಹಲ್ಲು ಕಚ್ಚಿ ಓಡುವುದನ್ನು ನೀವು ನೋಡಬೇಕಿತ್ತು. ನಕ್ಕು ನಕ್ಕು ಸುಸ್ತಾಗ್ತಿದ್ರಿ.

ಅಮ್ಮ, ದಿನಾ ಜೋರಾಗಿ ಓಡಿ ಮಂಡಿ ಹಾಳು ಮಾಡ್ಕೋತೀಯ ಅನ್ನುತ್ತೀಯಲ್ಲ, ಹಾಗೇನಿಲ್ಲ. ವಾರದ ಓಟದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನಿಧಾನವೇ. ಪಕ್ಕದವರ ಜೊತೆ ಹರಟೆ ಹೊಡೆಯುತ್ತಾ ಓಡಲು ಆಗಬೇಕು. ಮಾತು ತುಂಡಾದರೆ ವೇಗ ಇಳಿಸಬೇಕು. ಇಂಥ ಓಟದಿಂದಲೇ ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಕೊಬ್ಬನ್ನು ಉರಿಸುವ ಶಕ್ತಿ ಬೆಳೆಯುತ್ತದೆ. ಇನ್ನೊಂದು ವಿಷಯ. ಉಸಿರು ಬೇಗ ಪಳಗುತ್ತದೆ, ಮೂಳೆಗೂ ಸ್ನಾಯುರಜ್ಜುಗಳಿಗೂ ಜಾಸ್ತಿ ಸಮಯ ಬೇಕು. ಹೊಸಬರಿಗೆ ನೋವು ಬರುವುದು ಹೆಚ್ಚಾಗಿ ಅಲ್ಲೇ. ಅದಕ್ಕೇ ದೂರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತೇವೆ.

ಜೋರು ಓಟಕ್ಕೆ ಮಂಗಳವಾರ ಸಂಜೆ ಇದೆ. ಟ್ರ್ಯಾಕಿನಲ್ಲಿ 400 ಮೀಟರಿನ ಒಂದು ಸುತ್ತು, ಸ್ವಲ್ಪ ಜಾಗಿಂಗ್, ಮತ್ತೆ ಸುತ್ತು. ಮೊದಲ ಸುತ್ತು ಎಷ್ಟೇ ಜೋರಾಗಿದ್ದರೂ ನಮ್ಮ ಕೋಚ್ ಮೆಚ್ಚುವುದಿಲ್ಲ. ಕೊನೆಯ ಸುತ್ತಿನ ಸಮಯ ಮೊದಲನೆಯದರ ಹತ್ತಿರ ಇದ್ದರೆ ಮಾತ್ರ ತಲೆ ಆಡಿಸುತ್ತಾರೆ. ಭಾನುವಾರ ಉದ್ದದ ಓಟ, ಅದರ ಮರುದಿನ ಪೂರ್ತಿ ವಿಶ್ರಾಂತಿ. ಮ್ಯಾರಥಾನ್ ಮಾತ್ರ ಈ ವರ್ಷ ಬೇಡ ಅಂದುಕೊಂಡಿದ್ದೇನೆ. 42.195 ಕಿ.ಮೀ. ಅಂದರೆ ಸುಮ್ನೆ ಅಲ್ಲ. 30 ಕಿ.ಮೀ. ದಾಟುವಷ್ಟರಲ್ಲಿ ಎಷ್ಟೋ ಜನರಿಗೆ ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಓಟಕ್ಕೆ ಇಂಧನವಾಗುವ ಸಕ್ಕರೆಯ ಸಂಗ್ರಹ, ಬರಿದಾಗಿಬಿಡುತ್ತದೆ.

ಶನಿವಾರ ಬೆಳಿಗ್ಗೆ 9ಕ್ಕೆ ಪಾರ್ಕ್‌ರನ್. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ ಓಡಿ ಶುರುವಾದದ್ದು, ಈಗ ಎಷ್ಟೋ ದೇಶಗಳಲ್ಲಿದೆ. 5 ಕಿ.ಮೀ., ಶುಲ್ಕ ಇಲ್ಲ, ನಡೆದುಕೊಂಡು ಬಂದರೂ ಸರಿ. ಎಲ್ಲರ ಹಿಂದೆ ಒಬ್ಬ ಸ್ವಯಂಸೇವಕರು ನಡೆದು ಬರುತ್ತಾರೆ. ಹಾಗಾಗಿ ಕೊನೆಯವರಾಗುವ ಭಯವೇ ಇಲ್ಲ. ಅಪ್ಪ, ಬೇಸಿಗೆಯಲ್ಲಿ ನೀವಿಬ್ಬರೂ ಬಂದಾಗ ನಿಮ್ಮ ಹೆಸರನ್ನೂ ನೋಂದಾಯಿಸಿ, ಓಟ ಮುಗಿದ ಮೇಲೆ ಸಮಯ ದಾಖಲಿಸಲು ತೋರಿಸುವ ಬಾರ್‌ಕೋಡ್ ತೆಗೆದಿಡುತ್ತೇನೆ. ನೀವು ಬೆಳಿಗ್ಗೆ ನಡೆಯುವ ಶೂ ಮರೆಯದೆ ತನ್ನಿ. ಅಮ್ಮ, ನೀನು ಓಡದಿದ್ದರೂ ಪರವಾಗಿಲ್ಲ, ಬಾರ್‌ಕೋಡ್ ಸ್ಕ್ಯಾನ್ ಮಾಡುವ ಕೆಲಸಕ್ಕೆ ಅವರಿಗೆ ಯಾವಾಗಲೂ ಜನ ಬೇಕಾಗಿರುತ್ತಾರೆ.

ಇಂತಿ ನಿಮ್ಮ ಮಗ